ಹಂಡೆಯ ಕಂಠದ ಮೇಲಿನ ಹೆಸರು

ಅತ್ತೆಯ ಹನ್ನೊಂದನೇ ದಿನದ ತಿಥಿಗೆ ತೆರಕಣಾಂಬಿಯಿಂದ ಶಿವಮ್ಮ ಬಂದಿದ್ದರು. ಒಂಬತ್ತು ವರ್ಷದ ಹಿಂದೆ ನಮ್ಮ ಹಳೇ ಮನೆಯನ್ನು ಕೊಂಡುಕೊಂಡವರ ಮನೆಯಾಕೆ. ಅವರಿಗೆ ಯಾರು ಹೇಳಿಕಳಿಸಿದ್ದರೋ ನಮಗೆ ಗೊತ್ತಿರಲಿಲ್ಲ. ಊಟದ ಸಾಲಿನಲ್ಲಿ ಜಾಗ ಸಾಲದೆ ಅವರ ಆರು ವರ್ಷದ ಮಗಳು ಗುರುತು ಪರಿಚಯ ಒಂದೂ ನೋಡದೆ ನನ್ನ ತೊಡೆಯೇರಿ ಕೂತಳು. ಅವಳ ತಲೆ ಸರಿಯಾಗಿ ನನ್ನ ಗಲ್ಲದ ಕೆಳಗೆ ಬಂತು. ಕೊಬ್ಬರಿ ಎಣ್ಣೆ, ಸೀಗೆಪುಡಿ, ಅವೆರಡರ ಅಡಿಯಲ್ಲಿ ಇನ್ನೊಂದು ವಾಸನೆ. ಸೌದೆಯ ಉರಿಯಲ್ಲಿ ಕಾದ ನೀರಿನದು. ಗೀಸರ್ ನೀರಿಗೆ ವಾಸನೆಯೇ ಇರುವುದಿಲ್ಲ, ನಿಮಗೂ ಗೊತ್ತು. ನಮ್ಮಂಥವರ ಕೂದಲಿನಿಂದ ಆ ಹೊಗೆ ಹೋಗಿ ಎಷ್ಟೋ ವರ್ಷವಾಗಿದೆ. ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿಬಿಟ್ಟೆ.

ಅದೇ ಹೊತ್ತಿಗೆ ಎದುರು ಸಾಲಿನಲ್ಲಿ ಅಪ್ಪ ನೆಂಟರಿಗೆ ಎಂದಿನ ಕತೆ ಹೇಳುತ್ತಿದ್ದ. "ನಮ್ಮಕ್ಕಂದು ದೊಡ್ ಮನ್ಸು ಕಣ್ರಪ್ಪ. ಮನೆ ಮಾರ್ದಾಗ, ಮದ್ವೇಲಿ ಕೊಟ್ಟಿದ್ ತಾಮ್ರದಂಡೆನೇ ಬುಟ್ಬಂದ್ಲು. ಬರೀದಲ್ಲ, ಕಂಠಮಟ್ಟ ನೀರ್ ತುಂಬಿ, ಒಲೆಗೆ ಸೌದೆ ಒಡ್ಡಿ, ಪಕ್ಕದಲ್ಲಿ ಬೆಂಕಿಪಟ್ನನೂ ಮಡ್ಗಿ." ನೆಂಟರು ತಲೆದೂಗಿದರು. ಈ ಕತೆಯಲ್ಲಿ ಒಂದು ಸುಳ್ಳೂ ಇಲ್ಲ. ನೀರು ತುಂಬಿದ್ದು ನಿಜ, ಸೌದೆ ಒಡ್ಡಿದ್ದು ನಿಜ, ಬೆಂಕಿಪೊಟ್ಟಣವನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಇದಿಷ್ಟರಿಂದ ದೊಡ್ಡ ಮನಸ್ಸು ಎಂಬ ತೀರ್ಮಾನಕ್ಕೆ ಹೇಗೆ ಬಂದರು? ಮನಸಾರೆ ಕೊಟ್ಟವರೂ ಹಾಗೆ ಮಾಡಿಯಾರು, ಬೇರೆ ದಾರಿಯಿಲ್ಲದೆ ಬಿಟ್ಟವರೂ ಹಾಗೇ ಮಾಡಿಯಾರು. ಈ ಅನುಮಾನ ಮನೆಯಲ್ಲಿ ಬೇರೆ ಯಾರಿಗೂ ಬಂದಿಲ್ಲ. ನನಗೆ ಬರಲು ಕಾರಣವಿದೆ. ಅವತ್ತು ಅತ್ತೆಯ ದಾರಿಗೆ ಅಡ್ಡ ನಿಂತವಳು ನಾನು.

ತೆರಕಣಾಂಬಿಯ ಆ ಮನೆಯಲ್ಲಿ ನನಗೆ ಮೊದಲು ನೆನಪಾಗುವುದು ನಡುಮನೆಯಲ್ಲ, ಬಚ್ಚಲು. ಹಿತ್ತಿಲ ಬಾಗಿಲಿಗೆ ಅಂಟಿಕೊಂಡಿದ್ದ, ಕಿಟಕಿಯಿಲ್ಲದ, ಹೆಂಚಿನ ಸಂದಿಯಿಂದ ಮಾತ್ರ ಬೆಳಕಿನ ಕೋಲುಗಳು ಇಳಿಯುತ್ತಿದ್ದ ಕೋಣೆ. ಆ ಬೆಳಕಿನಲ್ಲಿ ಹೊಗೆ ನಿಧಾನವಾಗಿ ಹೊರಳುತ್ತಿತ್ತು. ಮೂಲೆಯ ಮಣ್ಣಿನ ಒಲೆಯೊಳಗೆ ಅರ್ಧಕ್ಕೂ ಹೆಚ್ಚು ಹೂತು ಕೂತಿತ್ತು ಹಂಡೆ. ಅತ್ತೆಯ ಬಾಯಲ್ಲಿ ಅದು ಅಂಡೆ. ಕೆಳಗೆಲ್ಲ ಮಸಿ, ಮೇಲೆ ಕಂಠ ಮಾತ್ರ ಕೆಂಪಗೆ ಹೊಳೆಯುತ್ತಿತ್ತು. ಭಾನುವಾರ ಬೆಳಿಗ್ಗೆ ಅತ್ತೆ ಸೂರ್ಯಕಾಂತಿಯ ಒಣದಂಟು ಮುರಿದು ಉರಿ ಹಚ್ಚುವಳು. ಅದು ಚಟಪಟ ಎಂದು ಕ್ಷಣದಲ್ಲಿ ಉರಿದು ಬೀಳುತ್ತಿತ್ತು. ಅದರ ಮೇಲೆ ತೆಂಗಿನ ಮಟ್ಟೆ, ಆಮೇಲೆ ಒಂದು ಗಟ್ಟಿ ಸೌದೆ. ನನ್ನ ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಮಂಡಿಗಳ ನಡುವೆ ಕೂರಿಸಿಕೊಂಡು, ನೀರಿನ ಬಿಸಿಯನ್ನು ತನ್ನ ಮೊಳಕೈ ಅದ್ದಿ ನೋಡಿ, "ಕಣ್ಮುಚ್ಕ ಕಣಮ್ಮಿ, ಸೀಗೆಪುಡಿ ಕಣ್ಗೋದಾತು" ಎನ್ನುವಳು. ಅರಿಶಿನದ ಹೊಲದಲ್ಲಿ ಕೂಲಿ ಮಾಡಿ ಅವಳ ಅಂಗೈಗೆರೆಗಳು ವರ್ಷವಿಡೀ ಹಳದಿ. ಬಿಸಿನೀರು ತಲೆಯಿಂದ ಇಳಿಯುವಾಗ ಉಸಿರು ಕಟ್ಟುತ್ತಿತ್ತು, ಆಮೇಲೆ ಪ್ರಪಂಚದಲ್ಲಿ ಏನೂ ಬೇಡ ಅನ್ನಿಸುತ್ತಿತ್ತು. ಹುಟ್ಟಿದ ಮೂರನೇ ದಿನ ನನಗೆ ನೀರು ಹಾಕಿದವಳೂ ಅವಳೇ ಅಂತೆ. ಊರಿನ ಅರ್ಧ ಬಾಣಂತಿಯರಿಗೆ ಅವಳದೇ ಕೈ.

ಅತ್ತೆ ಅಪ್ಪನ ಅಕ್ಕ, ಪುಟ್ಟತಾಯಮ್ಮ. ಗಡಿಯ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಆರು ವರ್ಷಕ್ಕೆ ಗಂಡ ಇನ್ನೊಂದು ಮದುವೆಯಾದ. ತಾತ ಎತ್ತಿನಗಾಡಿ ಕಟ್ಟಿಕೊಂಡು ಹೋಗಿ ಮಗಳನ್ನು ಕರೆತಂದ. ಬರುವಾಗ ಅವಳು ಆ ಮನೆಯಿಂದ ತಂದದ್ದು ತವರಿನವರು ಮದುವೆಯಲ್ಲಿ ಕೊಟ್ಟಿದ್ದ ಈ ಹಂಡೆಯೊಂದನ್ನೇ. ಆಗ ನಮ್ಮ ಬಚ್ಚಲಿನಲ್ಲಿ ಒಲೆಯೇ ಇರಲಿಲ್ಲ. ಗಾಡಿಯಿಂದ ಇಳಿಸಿದ ಹಂಡೆಯನ್ನು ಮೂಲೆಯಲ್ಲಿಟ್ಟು, ತಾತ ತಾನೇ ಮಣ್ಣು ಕಲಸಿ, ಅದರ ಸುತ್ತ ಒಲೆ ಕಟ್ಟಿದ. ಇನ್ನು ಇದೂ ಎಲ್ಲಿಗೂ ಹೋಗುವುದಿಲ್ಲ, ನೀನೂ ಹೋಗುವುದು ಬೇಡ ಎಂದು ಬಾಯಿಬಿಟ್ಟು ಹೇಳುವ ಬದಲು ಹಾಗೆ ಮಾಡಿದನೋ ಏನೋ. ಹಂಡೆಯ ಕಂಠದ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆದಿತ್ತು. ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ಚೊಂಬು ಅದ್ದುವಾಗೆಲ್ಲ ಅವಳ ಹೆಬ್ಬೆರಳು ಒಮ್ಮೆ ಆ ಚುಕ್ಕಿಗಳ ಮೇಲೆ ಹಾದು ಬರುತ್ತಿತ್ತು.

ಅಪ್ಪ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್. ಚಾಮರಾಜನಗರಕ್ಕೆ ವರ್ಗವಾದಾಗ ಮನೆ ಮಾರಿ ಅಲ್ಲೇ ಚಿಕ್ಕದೊಂದು ಕೊಳ್ಳುವುದೆಂದಾಯಿತು. ನಾನಾಗ ಎರಡನೇ ಪಿಯುಸಿ. ನೋಡಲು ಬಂದವರಲ್ಲಿ ಶಿವಮ್ಮ ಹೊಸದಾಗಿ ಮದುವೆಯಾದ ಹುಡುಗಿ, ಮನೆಯೆಲ್ಲ ಸುತ್ತಿದರೂ ಒಂದೂ ಮಾತಾಡಿರಲಿಲ್ಲ. ಬಚ್ಚಲಿಗೆ ಬಂದವರೇ ಹಂಡೆಯ ಮೇಲೆ ಕೈಯಿಟ್ಟು, "ಅಣ್ಣ, ಇದು ಇರ್ತದಾ?" ಅಂದರು. ಅಪ್ಪ ಯೋಚನೆಯೇ ಮಾಡಲಿಲ್ಲ. "ಇರ್ದೆ ಎಲ್ಲಿಗೋದದು ಕಣವ್ವ? ಗ್ವಾಡೆ ಜೊತೇಲೇ ಕಟ್ಟಿರದು." ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನಾನು ನೋಡಲಿಲ್ಲ. ಆಗ ನೋಡಬೇಕು ಅನ್ನಿಸಿರಲಿಲ್ಲ.

ಎರಡು ದಿನ ಬಿಟ್ಟು, ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ಅತ್ತೆ ನನ್ನನ್ನು ಕರೆದಳು. "ಅಮ್ಮಿ, ನೀ ಮೈಕ್ ಮುಂದ್ ನಿಂತ್ಕಂಡು ಮಾತಾಡಿ ಮಾತಾಡಿ ಲೋಟ ಗೆದ್ಕಂಡ್ ಬತ್ತೀಯಲ್ಲ. ನನ್ ಪರ್ವಾಗೂ ಒಸಿ ಮಾತಾಡು. ಅಂಡೆ ನಂದು, ತಕ್ಕಂಡೋಗನ ಅಂತ ನಿಮ್ಮಪ್ಪಂಗೆ ಹೇಳು." ಅವಳು ಲೋಟ ಅಂದದ್ದು ಚರ್ಚಾಸ್ಪರ್ಧೆಯ ಕಪ್ಪುಗಳನ್ನು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಸಹಾಯ ಇದೊಂದೇ. ನಮ್ಮ ಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಪಕ್ಷ ಕೊಡುತ್ತಿದ್ದರು. ಯಾವುದು ಬಂದರೂ ಗೆಲ್ಲುವುದೇ ಜಾಣತನ. ಆದರೆ ನನಗೆ ಆ ವಯಸ್ಸಿನಲ್ಲಿ ಇನ್ನೊಂದು ಜಂಬ ಹತ್ತಿತ್ತು. ಮನೆಯಲ್ಲಿ ಮಾತ್ರ ನಾನು ಯಾರ ಪಕ್ಷವೂ ಅಲ್ಲ, ನ್ಯಾಯದ ಪಕ್ಷ ಎಂಬ ಜಂಬ. ಅಲ್ಲೇ, ಅಪ್ಪ ಅವ್ವನ ಎದುರಿಗೇ, ಶುರು ಮಾಡಿದೆ. ಗೋಡೆಗೆ ಕಟ್ಟಿದ್ದು ಮನೆಗೆ ಸೇರಿದ್ದು, ಕಿತ್ತರೆ ಒಲೆ ಒಡೆಯುತ್ತದೆ. ಅಪ್ಪ ಮಾತು ಕೊಟ್ಟಾಗಿದೆ, ಕೊಟ್ಟ ಮಾತು ತಪ್ಪಬಾರದು. ಹೊಸ ಮನೆಯ ಬಚ್ಚಲು ಇಷ್ಟೇ ಇಷ್ಟು, ಅಲ್ಲಿ ಗೀಸರಿದೆ, ಇದನ್ನು ಇಡುವುದೆಲ್ಲಿ?

ಅತ್ತೆ ಅವರೆಕಾಯಿಯ ಸಿಪ್ಪೆಯನ್ನು ಒಂದೊಂದಾಗಿ ಮಡಿಲಿನಿಂದ ತೆಗೆದಿಟ್ಟಳು. "ಅದ್ರ ಮ್ಯಾಲೆ ನನ್ನೆಸ್ರದೆ ಕಣಮ್ಮಿ" ಅಂದಳು. ಅವಳಲ್ಲಿ ಇದ್ದದ್ದು ಆ ಒಂದೇ ವಾದ.

"ಹೆಸ್ರು ಕೊರುದ್ರೆ ನಿಂದಾಗ್ಬುಡ್ತದಾ ಅತ್ತೆ? ಕಾಲೇಜ್ ಬೆಂಚ್ ಮ್ಯಾಲೆ ನಾನೂ ನನ್ನೆಸ್ರು ಕೊರ್ದಿವ್ನಿ. ಬೆಂಚ ಮನೇಗೊತ್ಕಂಡ್ ಬರ್ಲಾ?"

ಅಪ್ಪ ತೊಡೆ ತಟ್ಟಿಕೊಂಡು ನಕ್ಕ. "ನೋಡ್ದಾ ಅಕ್ಕ, ಲಾಯರಮ್ಮ ತೀರ್ಪು ಕೊಟ್ಬುಟ್ಲು!" ಅವ್ವನೂ ನಕ್ಕಳು, ಆದರೆ ಬೇಗ ನಿಲ್ಲಿಸಿದಳು. ಅತ್ತೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಊ ಕಣಮ್ಮಿ, ನೀ ಹೇಳದೂ ಸರಿಯೇ ಬುಡು" ಎಂದು ಮತ್ತೆ ಕಾಯಿ ಬಿಡಿಸತೊಡಗಿದಳು. ನಾನು ಗೆದ್ದೆ ಅಂದುಕೊಂಡೆ. ಎದುರಾಳಿ ಸುಮ್ಮನಾದರೆ ಗೆದ್ದ ಹಾಗೆಯೇ ಎಂದು ನನಗೆ ಕಲಿಸಿದ್ದರು.

ಹೊರಡುವ ದಿನ ಅವ್ವ ಕೊಂಡವರಿಗೆಂದು ಏನೇನು ಬಿಡಬೇಕೋ ಎಲ್ಲ ಬಿಟ್ಟಳು. ಒಲೆಯ ಪಕ್ಕ ಒಂದು ಕುಡಿಕೆ ಉಪ್ಪು, ದೇವರ ಗೂಡಿನಲ್ಲಿ ಹಚ್ಚಿದ ದೀಪ, ಬಾಗಿಲ ಹಿಂದೆ ಹಳೇ ಪೊರಕೆ. ನಾನು ಒಂದೊಂದಕ್ಕೂ ಕಾರಣ ಕೇಳಿ ಅವಳ ತಲೆ ತಿಂದೆ. "ಉಪ್ಪು ಬುಟ್ರೆ ಏನಾಯ್ತದವ್ವ?" "ಬಂದೋರು ಸಾರಿಗೆ ಹಾಕತರೆ. ಮುಚ್ಕಂಡು ಟೆಂಪೋ ಹತ್ತು." ಅತ್ತೆ ಮಾತ್ರ ಬೆಳಿಗ್ಗೆಯಿಂದ ಬಚ್ಚಲು ಬಿಟ್ಟು ಬರಲಿಲ್ಲ. ಹುಣಿಸೆಹಣ್ಣು, ಬೂದಿ ಹಾಕಿ ಹಂಡೆಯ ಕಂಠವನ್ನು ಉಜ್ಜಿದಳು. ಬೀದಿಯ ತೊಂಬೆಯ ನಲ್ಲಿಯಿಂದ ಬಿಂದಿಗೆ ಬಿಂದಿಗೆಯಾಗಿ ನೀರು ಹೊತ್ತು ತಂದಳು. ಗೊತ್ತಿಲ್ಲದವರಿಗೆ ಯಾಕೆ ಇಷ್ಟೆಲ್ಲ ಒದ್ದಾಡುತ್ತೀಯ ಎಂದದ್ದಕ್ಕೆ, "ಬರೀ ಅಂಡೆ ಬುಟ್ಬರಬಾರ್ದು ಕಣಮ್ಮಿ. ಬಂದೋರು ಮೊದ್ಲು ಕೈಕಾಲ್ಗೆ ನೀರ್ ಉಯ್ಕಬೇಕಲ್ಲ" ಅಂದಳು. ಸೂರ್ಯಕಾಂತಿ ದಂಟು ಮುರಿದು ಸೌದೆಯ ಜೊತೆ ಒಲೆಗೆ ಒಡ್ಡಿದಳು. ಕೊನೆಯಲ್ಲಿ ಸೆರಗಿನಿಂದ ಕಂಠ ಒರೆಸಿ, ಹೆಬ್ಬೆರಳನ್ನು ಆ ಚುಕ್ಕಿಗಳ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದಳು. ಈ ಕೊನೆಯ ಚೂರು ಅಪ್ಪನ ಕತೆಯಲ್ಲಿ ಬರುವುದಿಲ್ಲ. ಅದನ್ನು ನೋಡಿದವಳು ನಾನೊಬ್ಬಳೇ.

ಹೊಸ ಮನೆಗೆ ಬಂದ ತಿಂಗಳಲ್ಲೇ ನನ್ನ ಮೂರನೇ ವಾದ ಬಿದ್ದುಹೋಯಿತು. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಮೂರು ನಾಲ್ಕು ದಿನಕ್ಕೊಮ್ಮೆ. ಹಿಡಿದಿಡಲು ಅಪ್ಪ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ತಂದು ಹಿಂದಿನ ಜಗಲಿಯಲ್ಲಿ ನಿಲ್ಲಿಸಿದ. ಹಂಡೆಗೆ ಜಾಗವಿಲ್ಲದ ಮನೆಯಲ್ಲಿ ಅದರ ಎರಡರಷ್ಟಿದ್ದ ಡ್ರಮ್ಮಿಗೆ ಜಾಗ ಸಿಕ್ಕಿತು. ಅತ್ತೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ನಲ್ಲಿಯ ಪೈಪನ್ನು ಅದರೊಳಗೆ ಇಳಿಬಿಟ್ಟಳು. ಒಂದು ಮಾತು ಚುಚ್ಚಿದ್ದರೂ ನಾನು ಉತ್ತರ ಕೊಡುತ್ತಿದ್ದೆ, ಜಗಳವಾಡಿ ಹಗುರಾಗುತ್ತಿದ್ದೆ. ಗೀಸರಿನ ನೀರನ್ನು ಅವಳು ಒಂದು ದಿನವೂ ಮೈಗೆ ಹಾಕಿಕೊಳ್ಳಲಿಲ್ಲ. "ನಂಗೆ ತಣ್ಣೀರೇ ಆಯ್ತದೆ, ಉಷ್ಣದ ಮೈ" ಎನ್ನುವಳು. ನಾವು ನಂಬಿದೆವು. ಅಮಾವಾಸ್ಯೆಗೊಮ್ಮೆ ಮಾತ್ರ ದಾರಿಯಲ್ಲಿ ಸಿಗುವ ಊರು ಉಡಿಗಾಲದ ಗೆಳತಿಯ ಮನೆಗೆಂದು ಗುಂಡ್ಲುಪೇಟೆ ಬಸ್ಸು ಹತ್ತಿ ಹೋಗಿ ಸಂಜೆಗೆ ಬರುತ್ತಿದ್ದಳು. ಬಂದಾಗ ಅವಳ ತುರುಬು ಇನ್ನೂ ಒದ್ದೆ, ಕೂದಲಲ್ಲಿ ಹೊಗೆಯ ವಾಸನೆ. ಆಮೇಲೆ ನಾನು ಕೆಲಸಕ್ಕೆ ಸೇರಿದ ಬದನಗುಪ್ಪೆಯ ಕಾರ್ಖಾನೆಯ ಕಚೇರಿಯಿಂದ ಸುಸ್ತಾಗಿ ಬಂದು ಅವಳ ಪಕ್ಕ ಕೂತಾಗ ಎಷ್ಟು ಸಲ ಆ ವಾಸನೆ ನನ್ನ ಮೂಗಿಗೆ ಬಡಿದಿದೆ! ಎಲ್ಲದಕ್ಕೂ ಸಾಕ್ಷಿ ಎಲ್ಲಿ ಎಂದು ಕೇಳುವ ನಾನು, ಸಾಕ್ಷಿ ಪಕ್ಕದಲ್ಲೇ ಕೂತಿದ್ದಾಗ ಕೇಳಲಿಲ್ಲ. ಅವಳು ತೀರಿಹೋದ ದಿನ ಕೊನೆಯ ಸ್ನಾನಕ್ಕೆ ಗೀಸರ್ ಹಾಕಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಹಿಡಿದು ತಂದುಕೊಟ್ಟವಳೂ ನಾನೇ.

ತಿಥಿಯ ಊಟ ಮುಗಿದ ಮೇಲೆ ಶಿವಮ್ಮನ ಕೈಗೆ ನೀರು ಹಾಕಲು ಹಿಂದಿನ ಜಗಲಿಗೆ ಹೋದೆ. ಅವರು ನೀಲಿ ಡ್ರಮ್ಮನ್ನು ನೋಡಿದರು. "ನಿಮ್ಮತ್ತೆ ನಮ್ಮನೇಗ್ ಬತ್ತಿದ್ದದ್ದು ನಿಮಗ್ಯಾರ್ಗೂ ಗೊತ್ತೇ ಇರ್ನಿಲ್ವಾ?" ಅಂದರು. ಕೊಂಡ ಮರುವರ್ಷ ಒಂದು ಅಮಾವಾಸ್ಯೆ ಬೆಳಿಗ್ಗೆ ಅತ್ತೆ ಬಂದು ಬೀದಿಯಲ್ಲೇ ನಿಂತಿದ್ದಳಂತೆ. "ಬಚ್ಚಲ ಒಂದ್ಸಲ ನೋಡ್ಬುಟ್ಟು ಓಯ್ತೀನಿ ಕಣವ್ವ ಅಂದ್ರು. ನಾನೇ, ನೀರ್ ಕಾದದೆ, ಮಿಂದ್ಕಂಡೋಗಿ ಅಂದೆ. ಆಮ್ಯಾಕೆ ಬತ್ತಾನೇ ಇದ್ರು. ಈ ಕೂಸು ಹುಟ್ದಾಗ ನಂಗೆ ಅವ್ವನೂ ಇಲ್ಲ, ನಮ್ಮೆಜಮಾನ್ರ ಅವ್ವಂಗೆ ಸೊಂಟ ನೋವು. ತಿಂಗಳಾನ್ಗಟ್ಲೆ ನಿಮ್ಮತ್ತೆನೇ ಒತ್ತಾರೆ ಮೊದುಲ್ನೇ ಬಸ್ಸಿಗೆ ಬಂದು ನಂಗೂ ಇದ್ಕೂ ನೀರ್ ಹಾಕೋರು." ಆ ತಿಂಗಳುಗಳಲ್ಲಿ ಅತ್ತೆ ನಮಗೆ ಹೇಳಿದ್ದು ಉಡಿಗಾಲದಲ್ಲಿ ಅರಿಶಿನ ಕೀಳುವ ಕೆಲಸವಿದೆ ಎಂದು. ಬಾಗಿಲಿಗೆ ಬಂದು ಕೇಳಿಸಿಕೊಳ್ಳುತ್ತಿದ್ದ ಅಪ್ಪ ಕಣ್ಣೊರೆಸಿಕೊಂಡು, "ನೋಡ್ದಾ ಅಮ್ಮಿ? ದೊಡ್ ಮನ್ಸು ಅಂತ ನಾ ಹೇಳ್ನಿಲ್ವಾ?" ಅಂದ. ಅವನ ಕತೆಗೆ ಇನ್ನೊಂದು ಪುಟ ಸಿಕ್ಕಿತು.

ನಾನು ಒಂದೇ ಪ್ರಶ್ನೆ ಕೇಳಿದೆ. ಅತ್ತೆ ಹಂಡೆಯನ್ನು ಯಾವತ್ತಾದರೂ ವಾಪಸ್ಸು ಕೇಳಿದಳಾ? "ಒಂದ್ ದಿನನೂ ಇಲ್ಲ" ಅಂದರು ಶಿವಮ್ಮ. "ನಾನೇ ಒಂದ್ಸಲ, ಅದ್ರ ಮ್ಯಾಲೆ ನಿಮ್ಮೆಸ್ರದಲ್ಲ, ತಕ್ಕಂಡೋಗಿ, ಒಲೆ ಒಡುದ್ರೆ ಒಡೀಲಿ ಅಂದೆ. ನಕ್ಬುಟ್ರು. 'ನಮ್ಮಮ್ಮಿ ಹೇಳ್ಬುಟ್ಟವ್ಳೆ ಕಣವ್ವ, ಅದು ಗ್ವಾಡೇದಂತೆ. ಬಾಳ ಓದ್ದೋಳು ಅವ್ಳು' ಅಂದ್ರು."

ಕೂಸು ನನ್ನ ಕೈ ಹಿಡಿದು ಎಳೆಯುತ್ತಿತ್ತು. ಅದರ ತಲೆಯಿಂದ ಮತ್ತೆ ಅದೇ ಹೊಗೆ. ಆ ದಿನದಿಂದ ಎರಡೂ ಪಕ್ಷವನ್ನು ನಾನೇ ವಾದಿಸಿ ನೋಡುತ್ತಿದ್ದೇನೆ. ಮನಸಾರೆ ಕೊಟ್ಟಿದ್ದರಿಂದಲೇ ಆ ಮನೆಗೆ ತಲೆಯೆತ್ತಿ ಹೋಗಲು ಅವಳಿಗೆ ಸಾಧ್ಯವಾಯಿತು ಎನ್ನುತ್ತೇನೆ. ಮನಸಾರೆ ಕೊಟ್ಟವಳು ಉಡಿಗಾಲದ ಸುಳ್ಳು ಯಾಕೆ ಹೇಳಬೇಕಿತ್ತು ಎಂದು ನಾನೇ ಅಡ್ಡ ಹಾಕುತ್ತೇನೆ. ಶಿವಮ್ಮನ ಎದುರು ನನ್ನ ಮಾತನ್ನು ಹೇಳಿ ನಕ್ಕ ಆ ನಗೆಯಲ್ಲಿ ಮಗಳಂಥವಳ ಬಗ್ಗೆ ಹೆಮ್ಮೆಯಿತ್ತೋ, ಇಲ್ಲ ಅಷ್ಟು ವರ್ಷವಾದರೂ ಆರದ ನೋವೋ, ನಗೆಯನ್ನು ನೋಡದೆ ಹೇಗೆ ಹೇಳಲಿ? ತೀರ್ಪು ಕೊಡುವವರು ಇಲ್ಲ. ಚೀಟಿ ಎತ್ತಿ ಪಕ್ಷ ಹಂಚುವವರೂ ಇಲ್ಲ. ಇರುವುದು ಅವರೆಕಾಯಿಯ ಸಿಪ್ಪೆಯನ್ನು ಒಂದೊಂದಾಗಿ ತೆಗೆದಿಡುತ್ತಿದ್ದ ಆ ಹಳದಿ ಗೆರೆಯ ಕೈ, ನನ್ನ ಮುಖದ ಮೇಲೆ ಒಂದು ಗಳಿಗೆ ನಿಂತ ಆ ನೋಟ.

ಅತ್ತೆ, 'ನೀ ಹೇಳದೂ ಸರಿಯೇ ಬುಡು' ಅಂದ್ಯಲ್ಲ ಅವತ್ತು, ನೀನು ಒಪ್ಪಿದ್ದಾ, ಸುಮ್ಮನಾದದ್ದಾ?