ಪಕ್ಕಪಕ್ಕದ ಎರಡು ಸೀಟು

ಸ್ನೇಹಿತರೇ, ಆನ್‌ಲೈನಿನಲ್ಲಿ ಕೊಂಡ ನಾಟಕದ ಟಿಕೆಟು ಬೇಡವಾದರೆ ಹಣ ವಾಪಸ್ ಬರುವುದಿಲ್ಲವೆಂದು ಇವತ್ತು ಬೆಳಿಗ್ಗೆ ತಿಳಿಯಿತು.

ಭಾನುವಾರದ ನಾಟಕಕ್ಕೆ ಎರಡು ಟಿಕೆಟು ಕೊಂಡಿದ್ದೆ. ಒಂದು ಅಪ್ಪನಿಗೆ, ಇನ್ನೊಂದು ಹೆಸರಘಟ್ಟದ ದೊಡ್ಡಪ್ಪನಿಗೆ. ಜಮೀನು ಪಾಲಾದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರನ್ನು ಕರೆತಂದು ಕೂರಿಸುವುದು ನನ್ನ ಯೋಚನೆ. ಮೊನ್ನೆ ದೊಡ್ಡಪ್ಪ ತೀರಿಕೊಂಡರು.

ಟಿಕೆಟು ಕಂಪನಿಯ ಫೋನಿನಲ್ಲಿ ಸಿಕ್ಕ ಹುಡುಗಿಗೆ, "ಎರಡು ಟಿಕೆಟೂ ವಾಪಸ್ ತಗೊಳ್ಳಿ, ಮನೇಲಿ ಸೂತಕ ಕಣಮ್ಮ, ಅಪ್ಪ ಬರೋ ಹಾಗಿಲ್ಲ" ಎಂದೆ.

"ಅಯ್ಯೋ, ಹೌದಾ ಸರ್? ಆದ್ರೆ ಶೋ ನಾವು ಕ್ಯಾನ್ಸಲ್ ಮಾಡಿದ್ರೆ ಮಾತ್ರ ರೀಫಂಡು. ನೀವು ಬರ್ದೇ ಇದ್ರೆ ಆಗಲ್ಲ."

"ಗ್ರಾಹಕನಿಗೆ ಹಕ್ಕು ಅಂತ ಏನೂ ಇಲ್ವಾ?"

"ಬೇರೆ ಯಾರಿಗಾದ್ರೂ ಕೊಟ್ಬಿಡಿ ಸರ್."

ಮಕ್ಕಳಿಲ್ಲದ ಅಣ್ಣನ ಕಾರ್ಯಕ್ಕೆಂದು ತಲೆ ಬೋಳಿಸಿಕೊಂಡಿದ್ದ ಅಪ್ಪ, ಯಲಹಂಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ಇನ್ನೊಂದು ಯಾರ್ಗೋ?" ಎಂದರು.

ಹೇಳಿದೆ. ಬೋಳು ತಲೆಯ ಮೇಲೊಮ್ಮೆ ಕೈಯಾಡಿಸಿಕೊಂಡರು.

"ಸೀಟು ಪಕ್ಕಪಕ್ಕಾನೇನೋ?"

"ಹೂಂ."

"ಹಂಗಿದ್ರೆ ಯಾರ್ಗೂ ಕೊಡ್ಬೇಡ ಬಿಡು."

ಹಾಗಾಗಿ ಭಾನುವಾರ ಸಂಜೆ ಆ ಎರಡು ಖಾಲಿ ಸೀಟಿನಲ್ಲಿ ಅವರಿಬ್ಬರೂ ಪಕ್ಕಪಕ್ಕದಲ್ಲಿ ಕೂರುತ್ತಾರೆ. ಕಂಪನಿಯ ನಿಯಮದ ಪ್ರಕಾರ ಅದನ್ನು ಇನ್ನು ಯಾರೂ ರದ್ದು ಮಾಡುವಂತಿಲ್ಲ.