ಲಾರಿ ಇಲ್ಲದ ದಾರಿ

ಕಳೆದ ವಾರ ಬಳ್ಳಾರಿ ಕೋಟೆಯ ಹತ್ತಿರ ನಾನು ಹೋಗುತ್ತಿದ್ದ ಆಟೋ ಪಂಕ್ಚರ್ ಆಯಿತು. ಇಳಿದು ಬೇರೆ ಆಟೋ ಹಿಡಿದರೆ ಈ ಆಟೋದವನ ಮುಖ ಸಪ್ಪಗಾಗುತ್ತದೆ, ಕಾಯುತ್ತ ಕೂತರೆ ಕೆಲಸಕ್ಕೆ ತಡವಾಗುತ್ತದೆ. ನಾನು ನಿವೃತ್ತಳಾದ ಶಿಕ್ಷಕಿ. ತಡವಾಗುವಂಥ ಕೆಲಸ ಯಾವುದೂ ಇಲ್ಲದ್ದರಿಂದ ಪಂಕ್ಚರ್ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಅಂಗಡಿಯವನು ಟ್ಯೂಬನ್ನು ಉಜ್ಜಿ ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ತಡೆಯಲಾರದ ನಗು ಬಂತು.

"ಯಾಕ್ರೀ ಅಮ್ಮಾರ, ಏನಾತು?" ಎಂದು ಆಟೋದವನು ಗಾಬರಿಯಾದ.

ಅವನಿಗೆ ಏನೆಂದು ಹೇಳಲಿ? ನೀವಾದರೆ ಪುರುಸೊತ್ತಿನಿಂದ ಕೇಳುತ್ತೀರಿ.

ಹದಿನಾಲ್ಕು ವರ್ಷಗಳ ಹಿಂದೆ ನಾನು ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದ ಸೈಕಲ್ಲುಗಳು ಬಂದವು. ಹಂಚುವ ದಿನ ಹುಡುಗಿಯರ ಸಡಗರ ನೋಡಬೇಕಿತ್ತು. ಆದರೆ ಒಂದು ತಿಂಗಳು ಕಳೆದರೂ ಒಂದು ಹಳ್ಳಿಯ ಹುಡುಗಿಯರು ಮಾತ್ರ ಮೊದಲಿನಂತೆಯೇ ಆಟೋದಲ್ಲಿ ಕುರಿಗಳ ಹಾಗೆ ತುಂಬಿಕೊಂಡು ಬರುತ್ತಿದ್ದರು. ಆಟೋ ಸಿಗದ ದಿನ ಬರುತ್ತಲೇ ಇರಲಿಲ್ಲ. ಇಬ್ಬರು ಹುಡುಗಿಯರಂತೂ ಶಾಲೆ ಬಿಟ್ಟೇಬಿಡುವ ಮಾತು ಆಡುತ್ತಿದ್ದರು. ಸೈಕಲ್ಲುಗಳು ಎಲ್ಲಿವೆ ನೋಡೋಣ ಎಂದು ನಾನೇ ಆ ಹಳ್ಳಿಗೆ ಹೋದೆ. ಒಂದರ ಮೇಲೆ ಹಾಲಿನ ಕ್ಯಾನು ತೂಗುತ್ತಿತ್ತು. ಇನ್ನೊಂದರ ಹ್ಯಾಂಡಲ್ಲಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಮತ್ತೊಂದರ ಮುಂದಿನ ಬುಟ್ಟಿಯಲ್ಲಿ ಕೋಳಿಯೊಂದು ಕಾವಿಗೆ ಕೂತು ನನ್ನನ್ನೇ ದುರುಗುಟ್ಟಿ ನೋಡಿತು.

ಆ ಊರಿನ ಪಾಲಕರ ಪರವಾಗಿ ಮಾತಾಡುವವನು ದೊಡ್ಡಬಸಪ್ಪ. ಅವನ ಮಗಳು ರೇಣುಕಾ ನನ್ನ ತರಗತಿಯಲ್ಲಿದ್ದಳು.

"ಟೀಚರ್, ಆ ರಸ್ತಿ ನೋಡೀರೇನು?" ಎಂದ. "ಅದಿರು ಲಾರಿ, ಕಾರ್ಖಾನಿ ಬೂದಿ ಲಾರಿ, ಭತ್ತದ ಲಾರಿ. ನಾವು ಗಂಡಸ್ರು ಗಾಡಿ ಮ್ಯಾಲೆ ಹೋಗಾಕನ ಜೀವ ಕೈಯಾಗ ಹಿಡ್ಕಂಡು ಹೋಗ್ತೀವಿ. ಲಾರಿ ಇಲ್ಲದ ದಾರಿ ತೋರಿಸ್ರಿ, ನಾಳೆನ ಕಳಸ್ತೀನಿ."

"ತೋರಿಸ್ತೀನಿ" ಎಂದೆ.

"ತೋರಿಸಿದ್ರ ಸಾಲಲ್ರೀ. ಮೊದಲ ನೀವು ಸೈಕಲ್ ಹೊಡ್ಕಂಡು ಹೋಗ್ರಿ. ಆಮ್ಯಾಗ ನಮ್ಮ ಹುಡುಗ್ಯಾರು."

ಸುತ್ತ ನಿಂತಿದ್ದ ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ತರಗತಿಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿರಬೇಕು ಎಂದು ದಿನಕ್ಕೊಂದು ಭಾಷಣ ಬಿಗಿಯುವ ಬಾಯಿ ನನ್ನದು. "ಅದಕ್ಕೇನಂತ, ನಾನ ಹೊಡೀತೀನಿ" ಎಂದುಬಿಟ್ಟೆ. ವಾಪಸು ಬರುವಾಗ ಆಟೋದಲ್ಲಿ ಕೂತ ಮೇಲೆ ಒಂದು ಸಂಗತಿ ನೆನಪಾಯಿತು. ನಲವತ್ತಾರು ವರ್ಷದ ನನ್ನ ಬದುಕಿನಲ್ಲಿ ನಾನು ಒಮ್ಮೆಯೂ ಸೈಕಲ್ ಹತ್ತಿರಲಿಲ್ಲ.

ನಮ್ಮ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು ಈರಮ್ಮ. ದಿನವೂ ತರಕಾರಿ ಚೀಲವನ್ನು ಕ್ಯಾರಿಯರ್‌ಗೆ ಬಿಗಿದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗಂಡಸರ ಸೈಕಲ್ ಏರಿ ಬರುತ್ತಿದ್ದಳು. ಸಿರುಗುಪ್ಪದಲ್ಲಿ ಅವಳ ಅಪ್ಪನದು ಬಾಡಿಗೆ ಸೈಕಲ್ ಅಂಗಡಿಯಿತ್ತಂತೆ. ನಾವೆಲ್ಲ ತೊಟ್ಟಿಲ ಮೇಲೆ ಕಟ್ಟಿದ ಗಿಲಿಗಿಲಿ ನೋಡುತ್ತ ಬೆಳೆದರೆ, ಅವಳು ತಿರುಗುವ ಚಕ್ರ ನೋಡುತ್ತ ಬೆಳೆದವಳು. ಅವಳ ಹತ್ತಿರ ಹೋಗಿ ಗುಟ್ಟಾಗಿ ಹೇಳಿದೆ. ಅವಳು ಸಾರಿನ ಸೌಟು ಹಿಡಿದುಕೊಂಡೇ ನಕ್ಕಳು, ಎಷ್ಟು ಹೊತ್ತು ಎಂದರೆ ತಳ ಹತ್ತಿದ ವಾಸನೆ ಬರುವ ತನಕ.

"ಕಲಸ್ತೀನಿ ಬರ್ರಿ. ಆದ್ರ ಸಾಲಿ ಅಂಗಳದಾಗ ಬ್ಯಾಡ. ನೀವು ಬೀಳೋದು ನೋಡಿದ್ರ ನಾಳಿಂದ ಹುಡುಗ್ರು ನಿಮ್ಮ ಮಾತು ಕೇಳಲ್ಲ. ಕಾಲುವಿ ದಂಡಿ ಮ್ಯಾಲೆ ಮುಂಜಾನೆ ಯಾರೂ ಇರಲ್ಲ."

ಅದು ದೊಡ್ಡ ಕಾಲುವೆಯಲ್ಲ. ಅದರಿಂದ ಕವಲೊಡೆದು ಬಂದ ಉಪಕಾಲುವೆ, ಮೊಣಕಾಲುದ್ದ ನೀರು, ಪಕ್ಕದಲ್ಲಿ ನೀರಾವರಿಯವರ ಜೀಪಿಗೆಂದು ಮಾಡಿದ ಮಣ್ಣಿನ ದಾರಿ. ದೊಡ್ಡಬಸಪ್ಪನ ಊರಿನ ಅಂಚಿನಿಂದಲೇ ಅದು ಕುರುಗೋಡಿನ ಕಡೆಗೆ ಬರುತ್ತದೆ. ಕಲಿಯುವುದೂ ಆಯಿತು, ದಾರಿ ಹುಡುಕುವುದೂ ಆಯಿತು ಎಂದುಕೊಂಡೆವು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ಲಿನವರಿಗೆ ಹೇಳಿ ಮಾಡಿಸಿದಂಥ ನಿಶ್ಶಬ್ದ ದಾರಿಗಳಿವೆಯಂತೆ. ಮೊನ್ನೆ ಮೊಬೈಲಿನಲ್ಲಿ ನೋಡಿದೆ. ಎರಡೂ ಕಡೆ ಹಸಿರು ಬೇಲಿ, ನಡುವೆ ಸಣ್ಣ ಡಾಂಬರು ದಾರಿ, ಮೈಲಿಗಟ್ಟಲೆ ಹೋದರೂ ಒಂದು ನರಪಿಳ್ಳೆ ಇಲ್ಲ. ನಮ್ಮಲ್ಲಿ ವಾಹನ ಇಲ್ಲದ ದಾರಿ ಎಂದರೆ ಮನುಷ್ಯರೆಲ್ಲ ಅಲ್ಲಿಯೇ ಇದ್ದಾರೆ ಎಂದು ಅರ್ಥ. ಮೊದಲ ದಿನವೇ ಗೊತ್ತಾಯಿತು. ಈರಮ್ಮ ಹಿಂದಿನ ಸೀಟು ಹಿಡಿದುಕೊಂಡು ಓಡುತ್ತಿದ್ದಳು. ದಂಡೆಯ ಕೆಳಗೆ ಜಾಲಿ ಗಿಡದ ಮರೆಯಲ್ಲಿ ಚೆಂಬು ಇಟ್ಟುಕೊಂಡು ಕೂತಿದ್ದವನೊಬ್ಬ ನನ್ನನ್ನು ಕಂಡು ಗಡಬಡಿಸಿ ಎದ್ದು ನಿಂತು, "ನಮಸ್ಕಾರ್ರೀ ಟೀಚರ್!" ಎಂದ. ನನ್ನ ಹಳೆಯ ವಿದ್ಯಾರ್ಥಿ. ಟೀಚರ್ ಬಂದಾಗ ಎದ್ದು ನಿಲ್ಲಬೇಕು ಎಂದು ಕಲಿಸಿದವಳು ನಾನೇ. ಮುಂದೆ ಇನ್ನಿಬ್ಬರು ಎದ್ದರು. ಅವರನ್ನು ನೋಡಬಾರದೆಂದು ನಾನು ಕಾಲುವೆಯ ಕಡೆ ಮುಖ ತಿರುಗಿಸಿದೆ. ಸೈಕಲ್ಲೂ ತಿರುಗಿತು. ಈರಮ್ಮನೂ ನಾನೂ ನೀರಿನಲ್ಲಿ.

"ಎತ್ತಾಗ ನೋಡ್ತೀರಿ ಅತ್ತಾಗನ ಹೊಕ್ಕತಿ ಸೈಕಲ್ಲು," ಎಂದಳು ಈರಮ್ಮ, ನನ್ನ ಚಪ್ಪಲಿಯನ್ನು ನೀರಿನಿಂದ ಹೊರತೆಗೆಯುತ್ತ. "ಮುಂದ ನೋಡ್ರಿ. ನಿಂತೋರು ತಾವ ಕೂಡ್ತಾರ."

ಮೂರು ವಾರ ಹೀಗೆ ನಡೆಯಿತು. ಎಮ್ಮೆ ಹೊಡೆದುಕೊಂಡು ಹೋಗುವವರು ನಿಲ್ಲಿಸಿ ಮಾತಾಡಿಸಿದರು. ಭತ್ತದ ಕಳೆ ಕೀಳುವವರು ನನಗೆ ಎಷ್ಟು ಮಕ್ಕಳು, ಸೊಂಟ ನೋವು ಐತೇನು ಎಂದು ಕೇಳಿದರು. ಸೈಕಲ್ಲಿಗೆ ಮೂರು ಪಂಕ್ಚರ್ ಆದವು. ಅಪ್ಪನ ಅಂಗಡಿಯ ಕೈ ಮರೆಯದ ಈರಮ್ಮ ಅಲ್ಲಿಯೇ ಕೂತು ಸಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ತೇಪೆ ಒತ್ತಿದಳು. ಕೊನೆಗೊಂದು ದಿನ ತಿರುಗಿ ನೋಡಿದರೆ ಅವಳು ಎಲ್ಲೋ ದೂರದಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ನಾನು ಒಬ್ಬಳೇ ಬಂದಿದ್ದೆ! ಆ ಸಂತೋಷಕ್ಕೆ ಬ್ರೇಕ್ ಎಲ್ಲಿದೆ ಎಂಬುದು ಮರೆತುಹೋಯಿತು. ಅದು ಬೇರೆ ಮಾತು.

ದಾರಿಯೂ ಸಿಕ್ಕಿತು, ಒಂದು ತುಂಡು ಬಿಟ್ಟು. ಕುರುಗೋಡು ಹತ್ತಿರವಾಗುತ್ತಿದ್ದಂತೆ ಕಾಲುವೆ ಬೇರೆ ಕಡೆ ಹೊರಳಿಬಿಡುತ್ತದೆ. ಅಲ್ಲಿಂದ ಊರಿಗೆ ಹೋಗುವ ಬಂಡಿ ದಾರಿ ಸೇರಬೇಕೆಂದರೆ ಮಲ್ಲಪ್ಪ ತಾತನ ಜೋಳದ ಹೊಲದ ಬದುವಿನ ಮೇಲೆ ಹಾಯಬೇಕು. ಮಲ್ಲಪ್ಪ ತಾತ ಹೊಲದ ನಡುವಿನ ಅಟ್ಟದ ಮೇಲೆ ಕೂತು ಕವಣೆ ಬೀಸುತ್ತ ಹಕ್ಕಿಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದ. ಅವು ಆಂಧ್ರದ ಕಡೆಯಿಂದ ಬರುತ್ತವೆ, ಕನ್ನಡ ತಿಳಿಯುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

"ದಾರಿ ಬಿಡಲ್ಲ," ಎಂದ. "ಇವತ್ತು ಸೈಕಲ್ ಅಂತೀರಿ, ನಾಳೆ ಟ್ರ್ಯಾಕ್ಟರ್ ಬರ್ತೈತಿ, ನಾಡಿದ್ದು ನನ್ನ ಹೊಲಾನ ಇರಲ್ಲ."

ನಾನು ವಿದ್ಯೆಯ ಮಹತ್ವ, ಹೆಣ್ಣುಮಕ್ಕಳ ಮುನ್ನಡೆ ಎಂದು ಶುರು ಮಾಡಿದೆ. ಅವನು ಆಕಳಿಸಿದ. ಈರಮ್ಮ ನನ್ನ ಕೈ ಅದುಮಿ ಸುಮ್ಮನಿರಿಸಿ, ಸೈಕಲ್ಲಿನ ಗಂಟೆಯನ್ನು ಒಮ್ಮೆ ಜೋರಾಗಿ ಬಾರಿಸಿದಳು. ಹತ್ತಿರದ ಸಾಲುಗಳಿಂದ ಹಕ್ಕಿಗಳ ದೊಡ್ಡ ಹಿಂಡು ಬುರ್ರೆಂದು ಎದ್ದು ಹಾರಿತು.

"ತಾತಾ, ಹಕ್ಕಿ ಯಾವಾಗ ಬರ್ತಾವು?"

"ಮುಂಜಾನಿ, ಸಂಜಿ."

"ಸಾಲಿ ಯಾವಾಗ ಬಿಡ್ತಾರ, ಕೂಡಿಸ್ತಾರ?"

ಮಲ್ಲಪ್ಪ ತಾತ ಕವಣೆ ಕೆಳಗಿಟ್ಟ. "ಎಷ್ಟು ಗಂಟಿ ಬರ್ತಾವು?" ಎಂದು ಕೇಳಿದ. ಹನ್ನೊಂದು ಸೈಕಲ್ಲು, ಹನ್ನೊಂದು ಗಂಟೆ ಎಂದೆವು. "ಬದುವಿನ ಈ ತುದಿಯಿಂದ ಆ ತುದಿ ಮಟ ಬಾರಿಸ್ಬೇಕು. ನಡುವ ಬಿಡಂಗಿಲ್ಲ" ಎಂದು ಕರಾರು ಹಾಕಿ ಒಪ್ಪಿದ.

ಪರೀಕ್ಷೆಯ ದಿನ ಬಂತು. ಮುಂದೆ ನಾನು, ಹಿಂದೆ ಹುಡುಗಿಯರು. ಎಲ್ಲರಿಗಿಂತ ಹಿಂದೆ ದೊಡ್ಡಬಸಪ್ಪ, ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಅವಳದೇ ಸೈಕಲ್ಲಿನ ಮೇಲೆ ಮೊಣಕಾಲು ಎದೆಗೆ ಬಡಿಯುವಂತೆ ತುಳಿಯುತ್ತ. ನಾನು ಬಿದ್ದರೆ, ಶಾಲೆ ಬಿಡುವ ಮಾತಾಡಿದ್ದ ಆ ಇಬ್ಬರು ಹುಡುಗಿಯರ ಓದು ಅಲ್ಲಿಗೇ ನಿಂತಂತೆ. ಕಾಲುವೆ ದಂಡೆ ದಾಟಿದ್ದಾಯಿತು, ಸುಖವಾಗಿ. ತಾತನ ಬದುವಿಗೆ ಬಂದೆವು. ಗಂಟೆಗಳ ಗದ್ದಲ ಶುರುವಾಯಿತು. ಹಕ್ಕಿಗಳು ಎದ್ದವು. ತಾತ ಅಟ್ಟದ ಮೇಲೆ ನಿಂತು, "ಹಂಗ! ಹಂಗ!" ಎಂದು ಕೂಗಿದ. ಕರಾರು ಕರಾರೇ ಎಂದು ನಾನೂ ಗಂಟೆ ಒತ್ತಲು ಒಂದು ಕೈ ಎತ್ತಿದೆ. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿಯುವ ಪಾಠ ಇನ್ನೂ ಆಗಿರಲಿಲ್ಲ. ಸೈಕಲ್ಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೊನೆದು, ಪಕ್ಕದ ಭತ್ತದ ಗದ್ದೆಯೊಳಗೆ ನನ್ನನ್ನು ಮೆತ್ತಗೆ ಮಲಗಿಸಿತು.

ಗಂಟೆಗಳೆಲ್ಲ ನಿಂತವು. ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಕೆಸರಿನಲ್ಲಿ ಕೂತು ತಲೆ ಎತ್ತಿದರೆ ಬದುವಿನ ಮೇಲೆ ದೊಡ್ಡಬಸಪ್ಪ ನಿಂತಿದ್ದ. ನನ್ನನ್ನು ನೋಡಿದ. ದೂರದಲ್ಲಿ ಧೂಳೆಬ್ಬಿಸಿಕೊಂಡು ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ರಸ್ತೆಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ.

"ಏನಾರ ಪೆಟ್ಟಾತೇನ್ರಿ ಟೀಚರ್?"

"ಇಲ್ಲಪ್ಪ. ಮೆತ್ತಗೈತಿ."

"ಹೌದಲ್ರೀ," ಎಂದ ಅವನು ನಿಧಾನವಾಗಿ. "ಇಲ್ಲಿ ಬಿದ್ರ ಕೆಸರಾಗ ಬೀಳ್ತಾವು. ತೊಳಕಂಡು ಸಾಲಿಗೆ ಹೊಕ್ಕಾವು. ಆ ರಸ್ತಿಮ್ಯಾಲೆ ಬಿದ್ರ..." ಗದ್ದೆಗೆ ಇಳಿದು ಕೈ ಕೊಟ್ಟು ನನ್ನನ್ನು ಎಬ್ಬಿಸಿದ. ಮಗಳಿಗೆ ಸೈಕಲ್ ಕೊಟ್ಟು, "ಹೊಡಿ" ಎಂದ. ರೇಣುಕಾ ಹತ್ತಿ ಹೊರಟುಹೋದಳು. ಅವಳಪ್ಪ ನಡೆದುಕೊಂಡು ಊರಿಗೆ ಹೋದ. ಆ ವರ್ಷ ಆ ಹಳ್ಳಿಯ ಯಾವ ಹುಡುಗಿಯೂ ಶಾಲೆ ಬಿಡಲಿಲ್ಲ.

ಆಮೇಲೆ ನನಗೆ ಬಳ್ಳಾರಿಗೆ ವರ್ಗವಾಯಿತು, ಸೈಕಲ್ಲು ಬಿಟ್ಟುಹೋಯಿತು. ಇಷ್ಟೆಲ್ಲ ನೆನೆಯುವಷ್ಟರಲ್ಲಿ ಆಟೋ ಚಕ್ರ ಸಿದ್ಧವಾಗಿತ್ತು. ಮನೆ ಸೇರಿದವಳೇ ಈರಮ್ಮನಿಗೆ ಫೋನ್ ಮಾಡಿದೆ. ಅವಳು ಈಗ ಸಿರುಗುಪ್ಪದಲ್ಲಿ ಅಕ್ಕನ ಮನೆಯ ಹತ್ತಿರ ಇದ್ದಾಳೆ. ಮತ್ತೆ ಸೈಕಲ್ ಹೊಡೆಯಬೇಕೆನಿಸಿದೆ ಎಂದೆ.

"ಬಳ್ಳಾರಿ ಊರಾಗ ಬ್ಯಾಡ್ರಿ. ಇಲ್ಲಿಗೆ ಬರ್ರಿ. ನದಿ ಕಡೀಗೆ ಒಂದು ದಾರಿ ಐತಿ, ದಿನಾಪೂರ್ತಿ ಒಂದು ನಾಯೀನೂ ಬರಲ್ಲ."

"ಅಂಥ ದಾರಿ ಈಗ ಬ್ಯಾಡ ಈರಮ್ಮ. ಮಂದಿ ಇರೋ ದಾರಿ ಹೇಳು. ಬಿದ್ರ ಎಬ್ಬಸಾಕ ಯಾರಾರ ಬೇಕು."

ಈರಮ್ಮ ಹೇಳಿದಳು: "ನನ್ನ ಮೊಣಕಾಲು ಹೋಗ್ಯಾವ್ರಿ ಟೀಚರ್, ತುಳಿಯಾಕ ಆಗಲ್ಲ. ನೀವು ಹೊಡೀರಿ, ನಾನು ಹಿಂದ ಕುಂತ್ಕಂಡು ಬರ್ತೀನಿ."

ತಮಗೆ ಕಲಿಸಿದವರನ್ನು ಹೊತ್ತು ಸಾಗಿಸುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ! ಆದರೂ ವಿಜ್ಞಾನದ ಟೀಚರಲ್ಲವೇ, ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದೆಂದು, "ಈಗ ನಿನ್ನ ತೂಕ ಎಷ್ಟೈತಿ ಈರಮ್ಮ?" ಎಂದು ಕೇಳಿದೆ.

"ಅದನ್ನೆಲ್ಲ ಫೋನಿನಾಗ ಕೇಳಬಾರ್ದು ಟೀಚರ್," ಎಂದಳು. "ಆಯಿತಾರ ಬರ್ರಿ. ಜರಾ ಗಟ್ಟಿಯಾಗಿ ಉಂಡು ಬರ್ರಿ."