ಸೇಲಂ ಕಾರಿನ ದಾವೆ

ಪುಟ್ಟೀ, ಚಿನ್ನೂ,

ಹೋದ ತಿಂಗಳು ನೀವಿಬ್ಬರೂ ತಾತನ ಫೋಟೋ ಮುಂದೆ ನಿಂತು, ತಾತ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಿರಿ. ಡ್ರೈವರ್ ಆಗಿದ್ದರು ಎಂದೆ. ಅಷ್ಟು ಹೇಳಿ ಅಡುಗೆಮನೆಗೆ ಹೋಗಿಬಿಟ್ಟೆ. ಬಾಯಲ್ಲಿ ಹೇಳುವುದು ನನಗೆ ಯಾವತ್ತೂ ಬರಲಿಲ್ಲ. ಬರೆಯುವುದು ಸ್ವಲ್ಪ ಬರುತ್ತದೆ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು.

ಬೆಂಗಳೂರಿನ ಅಂಚಿನ ನಾಗಸಂದ್ರದಲ್ಲಿ ನಮಗೆ ಎರಡು ಎಕರೆ ರಾಗಿ ಹೊಲ ಇತ್ತು. ಪೀಣ್ಯದ ಕಾರ್ಖಾನೆಗಳು ಬೆಳೆಯುತ್ತಾ ನಮ್ಮ ಕಡೆಗೂ ಬಂದಾಗ ಸರ್ಕಾರ ಅದನ್ನು ತೆಗೆದುಕೊಂಡು ಪರಿಹಾರ ಕೊಟ್ಟಿತು. ನಿಮ್ಮ ತಾತ ಆಗಲೇ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಜಮಾನರ ಕಾರು ಓಡಿಸುತ್ತಿದ್ದರು. ಸ್ವಂತ ಗಾಡಿಯೊಂದಿದ್ದರೆ ಅದನ್ನು ಬಾಡಿಗೆಗೆ ಬಿಡಬಹುದು, ಮುಂದೆ ಯಾರ ಕೈಕೆಳಗೂ ದುಡಿಯಬೇಕಾಗಿಲ್ಲ ಎಂದು ಅವರಿಗೆ ಆಸೆ. ಹೊಸ ಕಾರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ತಮಿಳುನಾಡಿನ ಸೇಲಂನಲ್ಲಿ ಹಳೆ ಕಾರು ಮಾರುವ ದೊಡ್ಡ ಅಂಗಡಿಯಿದೆ ಎಂದು ಲಾರಿಯವರೊಬ್ಬರು ಹೇಳಿದರು. ತಾತ ಹೋಗಿ ನೋಡಿ, ಮುಂಗಡ ಕೊಟ್ಟು ಬಂದರು.

ಹತ್ತು ದಿನಕ್ಕೆ ಅಂಗಡಿಯವರ ಆಳೊಬ್ಬ ಗಾಡಿ ಓಡಿಸಿಕೊಂಡು ನಮ್ಮ ಮನೆ ಬಾಗಿಲಿಗೇ ಬಂದ. ಬಿಳಿ ಅಂಬಾಸಿಡರ್. ಮಧ್ಯಾಹ್ನದ ಹೊತ್ತು. ಜಗುಲಿಯ ಮೇಲೆ ಕೂತು ಉಳಿದ ಹಣ ಎಣಿಸಿಕೊಂಡು ರಸೀದಿ ಬರೆದ. ಕೆಳಗೆ ಎಡಗಡೆ ಮೂಲೆಯಲ್ಲಿ ನಾಗಸಂದ್ರ ಎಂದು ಊರಿನ ಹೆಸರು ಬರೆದು, ಬಲಗಡೆ ರುಜು ಹಾಕಿದ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ನೋಂದಾಯಿಸಬೇಕಾದರೆ ಅಲ್ಲಿನ ಕಚೇರಿಯ ಒಪ್ಪಿಗೆ ಪತ್ರ ಬೇಕು. ಅದು ಹದಿನೈದು ದಿನದಲ್ಲಿ ಅಂಚೆಯಲ್ಲಿ ಬರುತ್ತದೆ ಎಂದ. ನಾನು ಮಜ್ಜಿಗೆಯ ಲೋಟವನ್ನು ಹೊಸಿಲ ಹತ್ತಿರ ಇಟ್ಟು ಒಳಗೆ ಸರಿದೆ. ನಮ್ಮ ಮನೆಯಲ್ಲಿ ಹಾಗೆಯೇ. ಹೊರಗಿನ ಗಂಡಸು ಬಂದರೆ ತಲೆ ತಗ್ಗಿಸಿ ಕೊಡುವುದನ್ನು ಕೊಟ್ಟು ಬರಬೇಕು.

ಅವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಪೂಜೆ ಮಾಡಿದೆವು. ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು, ಕುಂಬಳಕಾಯಿ ಒಡೆದೆವು. ಅಕ್ಕಪಕ್ಕದವರೆಲ್ಲ ಬಂದು ಪಾನಕ ಕುಡಿದರು. ತಾತ ಗಾಡಿಯ ಕಾಗದಗಳನ್ನೆಲ್ಲ ನನ್ನ ಕೈಗೆ ಕೊಟ್ಟು, "ದೇವ್ರ ಮುಂದೆ ಇಡು" ಎಂದರು. ಒಳ್ಳೆಯ ಕಾಗದ ಮನೆಗೆ ಬಂದರೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ಇಡುವುದು ನಮ್ಮ ಪದ್ಧತಿ. ಮದುವೆಯ ಕರೆಯೋಲೆಗೆ ಹಚ್ಚುವುದಿಲ್ಲವೇ, ಹಾಗೆ. ಕುಂಕುಮವನ್ನು ನೀರಲ್ಲಿ ಕಲಸಿ ಉಂಗುರ ಬೆರಳಿನಿಂದ ಹಚ್ಚಿದೆ. ರಸೀದಿಗೂ ಹಚ್ಚಿದೆ.

ಆ ಕಾರಿನಲ್ಲಿ ನಾನು ಕೂತದ್ದು ಮೂರು ಸಲ. ಒಳಗೆ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಒಂದು ಸಲ ಯಶವಂತಪುರದ ಸಂತೆಗೆ ಹೋದಾಗ ನಮ್ಮ ಬೀದಿ ದಾಟುವವರೆಗೂ ನಾನು ಸೆರಗು ಮುಂದಕ್ಕೆ ಎಳೆದುಕೊಂಡೇ ಇದ್ದೆ. ತಾತ ಕನ್ನಡಿಯಲ್ಲಿ ನೋಡಿ, "ಕದ್ದ ಮಾಲು ಅವಿಸ್ಕೊಂಡೋಳಂಗೆ ಕೂತಿದ್ದೀಯಲ್ಲೇ" ಎಂದು ನಕ್ಕರು.

ಒಪ್ಪಿಗೆ ಪತ್ರ ಬರಲಿಲ್ಲ. ತಾತ ಎರಡು ಸಲ ಸೇಲಂಗೆ ಹೋಗಿ ಬಂದರು. ಅಂಗಡಿಯವರು ಇವತ್ತು ನಾಳೆ ಎಂದರು. ನಾಲ್ಕನೇ ತಿಂಗಳು ತುಮಕೂರು ರಸ್ತೆಯಲ್ಲಿ ಸಾರಿಗೆ ಇಲಾಖೆಯವರು ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿಸಿ, ನೋಂದಣಿ ಪುಸ್ತಕದಲ್ಲಿದ್ದ ನಂಬರನ್ನೂ ಕಬ್ಬಿಣದ ಮೇಲೆ ಕೊರೆದಿದ್ದ ನಂಬರನ್ನೂ ನೋಡಿದರು. ಕಬ್ಬಿಣದ ನಂಬರನ್ನು ಉಜ್ಜಿ ಬೇರೆ ಕೊರೆದಿದ್ದರು. ಅದು ಮದ್ರಾಸಿನ ಡಾಕ್ಟರೊಬ್ಬರ ಮನೆಯಿಂದ ಕಳುವಾದ ಕಾರಾಗಿತ್ತು.

ಪೊಲೀಸ್ ಜೀಪು ತಾತನನ್ನು ಕೂರಿಸಿಕೊಂಡು ನಮ್ಮ ಬೀದಿಗೆ ಬಂತು. ಮನೆ ಹುಡುಕಿ, ಕಾಗದ ತೆಗೆದುಕೊಂಡು, ಅವರನ್ನೂ ಮತ್ತೆ ಕರೆದುಕೊಂಡು ಹೋಯಿತು. ಎರಡು ದಿನ ಠಾಣೆಯ ನೆಲದ ಮೇಲೆ ಕೂರಿಸಿದ್ದರು. ಅಲ್ಲಿ ಏನಾಯಿತು ಎಂದು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವರ ತಪ್ಪೇನೂ ಇಲ್ಲ ಎಂದು ಬಿಟ್ಟರು, ರಸೀದಿಯನ್ನೂ ಹಿಂದಕ್ಕೆ ಕೊಟ್ಟರು. ಕಾರು ಡಾಕ್ಟರಿಗೆ ಹೋಯಿತು. ಆದರೆ ಬಿಟ್ಟದ್ದು ಯಾರಿಗೂ ಕಾಣಲಿಲ್ಲ, ಅವರು ಬಸ್ಸಿನಲ್ಲಿ ಒಬ್ಬರೇ ಬಂದರು. ಜೀಪು ಮಾತ್ರ ಇಡೀ ಬೀದಿಗೆ ಕಂಡಿತ್ತು.

ಕಾರ್ಖಾನೆಯ ಯಜಮಾನರು ಕೆಲಸದಿಂದ ತೆಗೆಯಲಿಲ್ಲ. ಕಾರಿನ ಕೀ ಮಾತ್ರ ಮತ್ತೆ ಕೊಡಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುವ ಕೆಲಸ ಕೊಟ್ಟರು. ನಲ್ಲಿಯ ಹತ್ತಿರ ನನ್ನ ಸರದಿ ಬಂದಾಗ ಒಬ್ಬಳು ಇನ್ನೊಬ್ಬಳಿಗೆ, "ಜಾಗ ಬಿಡ್ರಮ್ಮೋ, ಕಾರಲ್ಲಿ ಓಗೋರು ಕೊಡ ತಂದವ್ರೆ" ಎನ್ನುತ್ತಿದ್ದಳು. ನಾನು ನೀರು ಹಿಡಿದುಕೊಂಡು ಬರುತ್ತಿದ್ದೆ.

ಗಾಂಧಿನಗರದ ಒಬ್ಬ ವಕೀಲರನ್ನು ಹಿಡಿದು ತಾತ ಆ ಅಂಗಡಿಯ ಮೇಲೆ ಬೆಂಗಳೂರಿನ ಕೋರ್ಟಿನಲ್ಲಿ ದಾವೆ ಹಾಕಿದರು. ಕೊಟ್ಟ ಹಣ ವಾಪಸು ಬೇಕೆಂದು ದಾವೆಯಲ್ಲಿ ಬರೆದಿತ್ತು. ಅವರಿಗೆ ಬೇಕಿದ್ದದ್ದು ಬೇರೆ. "ದುಡ್ಡು ಬಂದ್ರೆ ಬರ್ಲಿ, ಇಲ್ದಿದ್ರೆ ಬುಡ್ಲಿ ಕಣೆ. ಇವ್ನು ಮೋಸ ಓದೋನು, ಕದ್ದೋನಲ್ಲ ಅಂತ ಜಡ್ಜು ಒಂದು ಸಾಲು ಬರ್ದ್ರೆ ಸಾಕು. ಕಾರ್ಖಾನೆ ಗೇಟಿಗೆ ಅಂಟುಸ್ಬುಡ್ತೀನಿ," ಎನ್ನುತ್ತಿದ್ದರು.

ಅಂಗಡಿಯವರು ಉತ್ತರ ಹಾಕಿದರು. ಗಾಡಿ ಮಾರಿದ್ದು ಸೇಲಂನಲ್ಲಿ, ಹಣ ಪಡೆದದ್ದೂ ಅಲ್ಲೇ, ನಮ್ಮ ಆಳು ಯಾರೂ ಬೆಂಗಳೂರಿಗೆ ಬಂದಿಲ್ಲ, ಆದ್ದರಿಂದ ಈ ಕೋರ್ಟಿಗೆ ಕೇಸು ಕೇಳುವ ಅಧಿಕಾರವೇ ಇಲ್ಲ ಎಂದು. ಅವತ್ತು ತಾತನ ಜೊತೆ ನಾನೂ ಹೋಗಿದ್ದೆ, ನಮ್ಮ ವಕೀಲರು ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿದರು. ರುಜು ಇತ್ತು. ಎಡಗಡೆಯ ಮೂಲೆಯಲ್ಲಿ ಕುಂಕುಮದ ನೀರಿಗೆ ಶಾಯಿ ಕದಡಿ, ಊರಿನ ಹೆಸರು ಇದ್ದ ಕಡೆ ಕೆಂಪು ನೀಲಿ ಸೇರಿದ ಒಂದು ಕಲೆ ಮಾತ್ರ ಇತ್ತು.

"ಇದನ್ನ ಯಾರಮ್ಮ ಮಾಡಿದ್ದು?" ಎಂದರು.

ತಾತ, "ನಾನೇ ಸಾರ್" ಎಂದರು.

ವಕೀಲರು ನನ್ನ ಕಡೆ ನೋಡಿ, "ಇದು ಗಂಡಸರ ಬೆರಳಿನ ಗುರುತಲ್ಲ ಬಿಡಿ" ಎಂದು ಸಣ್ಣಗೆ ನಕ್ಕರು. ಬೈಯಲಿಲ್ಲ. ಇಲ್ಲೇ ಹಣ ಕೊಟ್ಟದ್ದು ಎನ್ನಲು ಸಾಕ್ಷಿ ಯಾರಿದ್ದಾರೆ ಎಂದು ಕೇಳಿದರು. ಪಾನಕ ಕುಡಿದವರ ಮನೆಗಳಿಗೆ ತಾತ ಹೋಗಿ ಕೇಳಿದರು. ಆಳು ಬಂದದ್ದನ್ನು ಎದುರು ಮನೆಯವರು ನೋಡಿದ್ದರು. ಅವರು, "ನಾವು ಅವತ್ತು ಊರಲ್ಲೇ ಇರ್ನಿಲ್ವಲ್ಲಪ್ಪ" ಎಂದರು. ಕೋರ್ಟು ಕಚೇರಿ ಎಂದರೆ ಜನಕ್ಕೆ ಭಯ, ಜೀಪು ನೋಡಿದ ಮೇಲೆ ಇನ್ನೂ ಭಯ. ಉಳಿದದ್ದು ತಾತ ಮತ್ತು ನಾನು.

ವಾಯಿದೆಗಳು ಮುಂದೆ ಹೋದವು. ಒಂದು ಸಲ ಜಡ್ಜಿಗೆ ವರ್ಗ, ಒಂದು ಸಲ ಎದುರು ವಕೀಲರಿಗೆ ಹುಷಾರಿಲ್ಲ. ತಾತ ಪ್ರತಿ ಸಲವೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಸಂಜೆ ಅದನ್ನು ಮಡಿಸಿ ಇಡುತ್ತಿದ್ದರು. ಮೂರನೇ ವರ್ಷ ಅವರಿಗೆ ಕಾಮಾಲೆ ಬಂತು. ನಾಟಿ ಔಷಧ ಕೊಡಿಸಿದೆವು. ಆಮೇಲೆ ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದು ದಿನ ಇದ್ದರು. ಸಾಕ್ಷಿ ಹೇಳುವ ಸರದಿ ಅವರಿಗೆ ಬರಲೇ ಇಲ್ಲ. ನಿಮ್ಮ ಅಮ್ಮನಿಗೆ ಆಗ ಒಂಬತ್ತು ವರ್ಷ.

ದಾವೆ ಹಾಕಿದವರು ಸತ್ತರೆ ಹೆಂಡತಿ ಆ ಜಾಗಕ್ಕೆ ಬರಬಹುದು ಎಂದು ವಕೀಲರು ಹೇಳಿದರು. ನಾನು ರುಜು ಹಾಕಿದೆ. ಸಾಕ್ಷಿಯ ಹಿಂದಿನ ದಿನ ವಕೀಲರ ಕಚೇರಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಜೊತೆಗೆ ನನ್ನ ಮೈದುನ ಬಂದಿದ್ದ.

"ನೋಡಮ್ಮ, ರಸೀದಿಗೆ ರುಜು ಮಾಡಿದವನನ್ನ ನಾಳೆ ಕೋರ್ಟಿಗೆ ಕರೆಸ್ತಾರೆ. ನೀಲಿ ಅಂಗಿ ಹಾಕಿಕೊಂಡಿರಲಿ, ಹಳದಿ ಹಾಕಿಕೊಂಡಿರಲಿ, ಅವರ ವಕೀಲರ ಹಿಂದೆ ಕೂತಿರ್ತಾನೆ. ನಮ್ಮ ಮನೆಗೆ ಬಂದವನು ಇವನೇ ಅಂತ ಬೆರಳು ತೋರಿಸಿಬಿಡಿ. ಅಷ್ಟೇ ಸಾಕು."

"ಆಗಲಿ" ಎಂದೆ.

ಕೋರ್ಟಿನಲ್ಲಿ ಕಟಕಟೆಗೆ ಹತ್ತುವಾಗ ಸೀರೆ ಕಾಲಿಗೆ ಸಿಕ್ಕಿತು. ಪ್ರಮಾಣ ಮಾಡಿಸಿದರು. ನಮ್ಮ ವಕೀಲರು ಕೇಳಿದ್ದಕ್ಕೆ ಮನೆ, ಜಗುಲಿ, ಹಣ, ಮಜ್ಜಿಗೆ ಎಲ್ಲವನ್ನೂ ಹೇಳಿದೆ. ಜೋರಾಗಿ ಹೇಳಿ ಎಂದು ಎರಡು ಸಲ ಹೇಳಿಸಿಕೊಂಡೆ. ರಸೀದಿ ತೋರಿಸಿದಾಗ ಕುಂಕುಮ ನಾನೇ ಹಚ್ಚಿದ್ದು ಎಂದೂ ಹೇಳಿದೆ. ಆಮೇಲೆ ಎದುರು ವಕೀಲರು ಎದ್ದರು.

"ಬಂದವರ ಮುಖ ನೋಡಿದ್ರೇನಮ್ಮ?"

ಜಡ್ಜು, "ಹೇಳಮ್ಮ, ಹೆದರಬೇಡ" ಎಂದರು.

"ಕಾಲು ನೋಡಿದ್ದೆ ಸ್ವಾಮಿ."

ಹಿಂದೆ ಕೂತವರು ನಕ್ಕರು.

"ಕಾಲಾ?"

"ಮೆಟ್ಟು ಬಿಟ್ಟು ಜಗುಲಿ ಮೇಲೆ ಕೂತ್ರು. ಬಲಗಾಲು ಎಬ್ಬೆಟ್ಟಿನ ಉಗುರು ಕಪ್ಪಗಿತ್ತು, ಏಟು ಬಿದ್ದಂಗೆ."

"ಸ್ವಾಮಿ, ಈಗ ನನ್ನ ಕಕ್ಷಿದಾರರ ಕಡೆಯವರೆಲ್ಲ ಬೂಟು ಬಿಚ್ಚಬೇಕೇನೋ," ಎಂದರು ಎದುರು ವಕೀಲರು. ಈ ಸಲ ಹಿಂದಿನವರು ಇನ್ನೂ ಜೋರಾಗಿ ನಕ್ಕರು. ಜಡ್ಜು ನಗಲಿಲ್ಲ. "ನಾಲ್ಕು ವರ್ಷದ ಹಿಂದಿನ ಉಗುರಮ್ಮ. ಅದು ಬಿದ್ದು ಬೇರೆ ಬಂದಿರುತ್ತೆ," ಎಂದು ಮೆತ್ತಗೆ ಹೇಳಿದರು.

"ಹಾಗಾದ್ರೆ ಇವರೇ ಬಂದಿದ್ದು ಅಂತ ನಿಮಗೆ ಹೇಳೋಕಾಗಲ್ಲ?" ಎಂದರು ಎದುರು ವಕೀಲರು, ತಮ್ಮ ಹಿಂದೆ ಕೂತವನ ಕಡೆ ಕೈ ಮಾಡಿ.

ನಮ್ಮ ವಕೀಲರು ನನ್ನನ್ನೇ ನೋಡುತ್ತಿದ್ದರು. ಬೆರಳು ಎತ್ತಿದ್ದರೆ ಆಗಿತ್ತು.

"ಇರಬೋದು. ಗೊತ್ತಿಲ್ಲ," ಎಂದೆ.

ನಮ್ಮಮ್ಮ ಸುಳ್ಳು ಹೇಳಲಿಲ್ಲ, ಅದಕ್ಕೇ ಕೇಸು ಹೋಯಿತು ಎಂದು ನನ್ನ ಬಗ್ಗೆ ನಿಮ್ಮ ಅಮ್ಮ ಯಾರಿಗಾದರೂ ಹೇಳುವುದನ್ನು ನೀವು ಕೇಳಿರಬಹುದು. ಅದು ಪೂರ್ತಿ ನಿಜವಲ್ಲ. ನಾನು ಕಟಕಟೆಯಲ್ಲಿ ನಿಂತಾಗಲೂ ತಲೆ ಎತ್ತಿ ಆ ಮನುಷ್ಯನ ಮುಖ ನೋಡಲಿಲ್ಲ. ನೋಡಿದ್ದರೆ ಏನಾದರೂ ಗುರುತು ಸಿಗುತ್ತಿತ್ತೋ ಇಲ್ಲವೋ, ಈಗ ಯಾರು ಹೇಳಬೇಕು. ಅಷ್ಟು ಗಂಡಸರ ನಡುವೆ ಕಣ್ಣೆತ್ತಲು ನನ್ನಿಂದ ಆಗಲಿಲ್ಲ. ಸಂಕೋಚವನ್ನು ನಾನು ಸತ್ಯ ಎಂದು ನಿಮಗೆ ದಾಟಿಸಬಾರದು.

ಎರಡು ತಿಂಗಳಿಗೆ ಜಡ್ಜು ಆದೇಶ ಕೊಟ್ಟರು. ಮಾರಾಟ ಬೆಂಗಳೂರಿನಲ್ಲಿ ನಡೆಯಿತು ಎಂದು ತೋರಿಸಲು ಆಗಿಲ್ಲ, ದಾವೆಯನ್ನು ಸರಿಯಾದ ಕೋರ್ಟಿಗೆ ಹಾಕಿಕೊಳ್ಳಿ ಎಂದು ಹಿಂದಕ್ಕೆ ಕೊಟ್ಟರು. ನಿಮ್ಮ ತಾತ ಮೋಸ ಹೋದವರೋ ಅಲ್ಲವೋ ಎಂಬುದರ ಬಗ್ಗೆ ಆ ಆದೇಶದಲ್ಲಿ ಒಂದು ಮಾತೂ ಇರಲಿಲ್ಲ. ಅಲ್ಲಿಯವರೆಗೆ ಜಡ್ಜು ಹೋಗಲೇ ಇಲ್ಲ.

"ಇದು ಸೋಲಲ್ಲಮ್ಮ. ಸೇಲಂನಲ್ಲಿ ಹಾಕಬಹುದು. ಆದರೆ ತಡ ಮಾಡಬೇಡಿ, ಗಡುವು ಮೀರುತ್ತೆ," ಎಂದರು ವಕೀಲರು.

ಬಸ್ಸಿನಲ್ಲಿ ಮೈದುನನನ್ನು ಕೇಳಿದೆ, ಸೇಲಂಗೆ ಜೊತೆಗೆ ಬರುತ್ತೀಯಾ ಎಂದು. ಅವನು ಕಿಟಕಿಯ ಕಡೆ ನೋಡುತ್ತಾ, "ಅಲ್ಲಿ ಎಲ್ಲಾ ತಮಿಳಲ್ಲಿ ಕೇಳ್ತಾರೆ ಅತ್ತಿಗೆ. ಇಲ್ಲಿ ಕನ್ನಡದಲ್ಲೇ ನಿಮ್ಗೆ ಬಾಯಿ ಬರ್ನಿಲ್ಲ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಒಬ್ಬಳೇ ಹೋಗಿರುತ್ತಿದ್ದೆನೋ ಏನೋ.

ಹೋಗಲಿಲ್ಲ. ದಾವೆಯ ಕಾಗದ ಟ್ರಂಕಿನ ತಳದಲ್ಲಿ ಉಳಿಯಿತು, ಗಡುವು ಮೀರಿತು. ತಾತ ಮೊಳೆ ಹೊಡೆಯುತ್ತಿದ್ದ ಅದೇ ಶೆಡ್ಡಿನಲ್ಲಿ ನನಗೆ ಪ್ಯಾಕಿಂಗ್ ಕೆಲಸ ಕೊಟ್ಟರು. ಒಂದು ದಿನ ಹೊಸದಾಗಿ ಸೇರಿದ ಹೆಂಗಸೊಬ್ಬಳು ಊಟದ ಹೊತ್ತಿನಲ್ಲಿ ಪಕ್ಕದವಳನ್ನು, "ಈಯಮ್ಮನ ಯಜಮಾನ್ರೇ ಅಲ್ವಾ ಕಳ್ಳ ಕಾರು ತಂದಿದ್ದು?" ಎಂದು ಕೇಳಿದಳು. ನಾನು ಅಲ್ಲೇ ಕೂತಿದ್ದೆ. ಅಲ್ಲ ಎನ್ನಬೇಕಿತ್ತು. ಬುತ್ತಿ ಮುಚ್ಚಿ ಎದ್ದು ಹೋದೆ.

ಮಕ್ಕಳೇ, ನಿಮ್ಮ ತಾತ ಹೊಲದ ಹಣ ಕೊಟ್ಟು ಆ ಕಾರು ತಂದರು. ಹಗಲು ಹೊತ್ತಿನಲ್ಲಿ, ನಮ್ಮ ನಾಗಸಂದ್ರದ ಮನೆಯ ಜಗುಲಿಯ ಮೇಲೆ ಹಣ ಎಣಿಸಿ ಕೊಟ್ಟರು. ನಾನು ಬಾಗಿಲ ಹಿಂದೆ ಇದ್ದೆ. ಅವರು ಮೋಸ ಹೋದವರು, ಕದ್ದವರಲ್ಲ. ಜಡ್ಜು ಬರೆಯಬೇಕಾಗಿದ್ದ ಸಾಲು ಇದು. ಬೇರೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆದಿದ್ದೇನೆ. ಇದಕ್ಕೆ ಮುದ್ರೆ ಇಲ್ಲ, ಇನ್ನೊಂದು ಪ್ರತಿಯೂ ಇಲ್ಲ. ಈ ಹಾಳೆಗಳನ್ನು ಒದ್ದೆಯಾಗದ, ಇಲಿ ಮುಟ್ಟದ ಕಡೆ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ಎದ್ದು ಹೋಗಬೇಡಿ, ತೆಗೆದು ತೋರಿಸಿ.